ಸ್ಕ್ರೀನ್‌ನಲ್ಲಿ ಕಾಣುವ ಹಣ ಲಾಭ ಅಲ್ಲ: ಓಪನ್‌ಟಿಟಿಡಿ ಆಡುವ ಹೊಸಬರಿಗೆ

ಅಕ್ಕನ ಮಗ ಪ್ಲಸ್ ಟು ಓದುತ್ತಿದ್ದಾನೆ. ಕಳೆದ ರಜೆಯಲ್ಲಿ ಉಪ್ಪಳದ ನನ್ನ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ಓಪನ್‌ಟಿಟಿಡಿ ಆಡುತ್ತಿದ್ದವನು, "ಮಾಮ, ಕಂಪೆನಿ ಮುಳುಗಿತು" ಅಂದ. ಐದು ಬಸ್ಸು, ಎರಡು ರೈಲು, ಮೂರು ಊರಲ್ಲಿ ಸ್ಟೇಶನ್. ಎಲ್ಲ ಓಡುತ್ತಲೇ ಇತ್ತು, ಆದರೂ ಮುಳುಗಿತು. ನನಗೆ ನಗು ಬರಲಿಲ್ಲ. ಬಿ.ಕಾಂ. ಮಾಡಿಯೂ ಎರಡನೇ ಅಂಗಡಿ ತೆರೆದು ಹನ್ನೊಂದೇ ತಿಂಗಳಲ್ಲಿ ಶಟರ್ ಎಳೆದವ ನಾನು.

ಗೊತ್ತಿಲ್ಲದವರಿಗೆ: ಇದು ಸಾರಿಗೆ ಕಂಪೆನಿ ನಡೆಸುವ ಆಟ. ಕ್ರಿಸ್ ಸಾಯರ್ ಮಾಡಿದ ಹಳೆಯ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಇದರ ಮೂಲ. 2004ರಿಂದ ಸಿಗುತ್ತಿದೆ, ಪೂರ್ತಿ ಉಚಿತ, ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಆಟ 1950ರಲ್ಲಿ ಶುರು. ಅಲ್ಲಿನ ಒಂದು ವರ್ಷ ಅಂದರೆ ನಮ್ಮ ಸುಮಾರು ಹನ್ನೆರಡು ನಿಮಿಷ.

ಹೊಸಬರು ಎಡವುವುದು ಮೊದಲ ನಿಮಿಷದಲ್ಲೇ. ಕೆಳಗೆ ಒಂದು ಲಕ್ಷ ಪೌಂಡ್ ಕಾಣುತ್ತದೆ. ಅದು ನಿಮ್ಮದಲ್ಲ, ಪೂರ್ತಿ ಸಾಲ, ಅದಕ್ಕೆ ಬಡ್ಡಿಯೂ ಉಂಟು. ಬೇಕಾದರೆ ಮೂರು ಲಕ್ಷದವರೆಗೂ ಎತ್ತಬಹುದು. ಬಡ್ಡಿ ಕಡಿಮೆ ಇರುವುದರಿಂದ ಪಳಗಿದವರು ಹಾಗೆಯೇ ಮಾಡುತ್ತಾರೆ, ಅವರಿಗದು ಸರಿ. ಮೊದಲ ಸಲ ಆಡುವವರು ಆ ಬಟನ್ ಮುಟ್ಟಬೇಡಿ.

ಶುರುವಿಗೆ ಬಸ್ಸೂ ಬೇಡ, ಒಂದೇ ಒಂದು ಕಲ್ಲಿದ್ದಲು ಲೈನ್ ಸಾಕು. ಗಣಿ ಮತ್ತು ವಿದ್ಯುತ್ ಸ್ಥಾವರದ ನಡುವೆ ಐವತ್ತು-ಅರವತ್ತು ಚೌಕ ದೂರ ಇರಲಿ. ಸಿಗುವ ಬಾಡಿಗೆ ಮೂರು ಸಂಗತಿಯ ಮೇಲೆ ನಿಂತಿದೆ: ಎಷ್ಟು ಸರಕು, ಎಷ್ಟು ದೂರ, ಎಷ್ಟು ದಿನ. ಪಕ್ಕದ ಊರಿಗೆ ಸಾಗಿಸಿದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ ಅನ್ನುವ ಲಾರಿಯವರ ಮಾತು ಇಲ್ಲೂ ನಿಜ. ಪ್ರಯಾಣಿಕರು ತಡವಾದಷ್ಟೂ ಬಾಡಿಗೆ ಬೇಗ ಇಳಿಯುತ್ತದೆ. ಕಲ್ಲಿದ್ದಲು ಹಾಗಲ್ಲ, ನಿಧಾನ ರೈಲಿನಲ್ಲಿ ಹೋದರೂ ಹೆಚ್ಚು ನಷ್ಟವಿಲ್ಲ. ವ್ಯಾಗನ್ ಖಾಲಿ ವಾಪಸಾದರೂ ಲಾಭ ಬರುತ್ತದೆ.

ಹಳಿ ಹಾಕುವಾಗ ಗುಡ್ಡ ಕಡಿಯಲು ಹೋಗಬೇಡಿ, ಅರ್ಧ ಬಂಡವಾಳ ಅಲ್ಲೇ ಹೋಗುತ್ತದೆ. ಸುತ್ತು ಬಳಸಿ ಹೋಗಿ. ಊರ ಪಕ್ಕದ ಮರ ಕಡಿದರೆ ಅಲ್ಲಿನ ಆಡಳಿತ ಮುನಿಸಿಕೊಂಡು ಸ್ಟೇಶನ್‌ಗೆ ಅನುಮತಿಯನ್ನೇ ಕೊಡದು. ಆಗ ಮರ ನೆಟ್ಟು ಸಮಾಧಾನ ಮಾಡಬೇಕು.

ಗಣಿಯ ಸ್ಟೇಶನ್‌ನಲ್ಲಿ ರೈಲಿಗೆ 'ಪೂರ್ತಿ ತುಂಬುವವರೆಗೆ ಕಾಯಬೇಕು' ಎಂಬ ಆದೇಶ ಕೊಡಿ. ಇದರಿಂದ ಎರಡು ಲಾಭ. ಅರೆಬರೆ ಲೋಡ್ ಹೋಗುವುದಿಲ್ಲ. ಮತ್ತೆ, ರೈಲು ಸದಾ ನಿಂತಿದ್ದರೆ ಸ್ಟೇಶನ್‌ನ ರೇಟಿಂಗ್ ಏರಿ, ಗಣಿಯ ಮಾಲಿನ ಹೆಚ್ಚು ಪಾಲು ನಿಮಗೇ ಸಿಗುತ್ತದೆ. ಉತ್ಪಾದನೆಯ ಶೇ. 60ಕ್ಕಿಂತ ಹೆಚ್ಚು ಸಾಗಿಸುತ್ತಿದ್ದರೆ ಗಣಿ ಬೆಳೆಯುವ ಸಾಧ್ಯತೆಯೂ ಜಾಸ್ತಿ. ನಮ್ಮಲ್ಲೂ ಹಾಗೆಯೇ ಅಲ್ವಾ? ಯಾವಾಗ ಹೋದರೂ ಬಾಗಿಲು ತೆರೆದಿರುವ ಅಂಗಡಿಗೇ ಗಿರಾಕಿ ಬರುವುದು. ದಾರಿಯಲ್ಲೊಂದು ಡಿಪೋ ಕಟ್ಟುವುದು ಮರೆಯಬೇಡಿ, ಸರ್ವಿಸ್ ಇಲ್ಲದ ಇಂಜಿನ್ ನಡುಹಳಿಯಲ್ಲಿ ಕೆಟ್ಟು ನಿಲ್ಲುತ್ತದೆ.

ಇನ್ನು ಲೆಕ್ಕ. ಹಣಕಾಸಿನ ಕಿಟಕಿಯಲ್ಲಿ ನಿರ್ಮಾಣ, ಹೊಸ ವಾಹನ, ಓಡಾಟದ ಖರ್ಚು, ನಿರ್ವಹಣೆ, ಬಡ್ಡಿ ಎಲ್ಲ ಸಾಲು ಸಾಲಾಗಿ ವರ್ಷವಾರು ಇರುತ್ತದೆ. ಹುಡುಗರು ಅದನ್ನು ತೆರೆಯುವುದೇ ಇಲ್ಲ. ಅಕ್ಕನ ಮಗನ ಕಿಟಕಿ ತೆರೆದು ನೋಡಿದೆವು: ಐದು ಬಸ್ಸಿನ ಗಳಿಕೆಗಿಂತ ಅವುಗಳ ಓಡಾಟದ ಖರ್ಚೇ ಹೆಚ್ಚು. ಒಂದು ಕಲ್ಲಿದ್ದಲು ರೈಲು ದುಡಿದದ್ದನ್ನು ಉಳಿದವೆಲ್ಲ ತಿಂದಿದ್ದವು. ನನ್ನ ಕಥೆಯೂ ಇದೇ. ಮೊದಲ ಅಂಗಡಿಯ ಗಲ್ಲಾದಲ್ಲಿದ್ದ ಹಣದಲ್ಲಿ ಹೋಲ್‌ಸೇಲ್‌ನವರಿಗೆ ಕೊಡಬೇಕಾದದ್ದೇ ಹೆಚ್ಚಿತ್ತು. ಅದನ್ನೇ ಲಾಭ ಅಂದುಕೊಂಡು ಎರಡನೆಯದಕ್ಕೆ ಅಡ್ವಾನ್ಸ್ ಕೊಟ್ಟೆ.

ಹಾಗಾದರೆ ಎರಡನೇ ರೈಲು ಯಾವಾಗ? ವಾಹನಗಳ ಪಟ್ಟಿಯಲ್ಲಿ ಪ್ರತಿ ವಾಹನಕ್ಕೂ ಒಂದು ಬಣ್ಣದ ಚುಕ್ಕಿ ಇದೆ. ಎರಡು ವರ್ಷ ತುಂಬದ್ದಕ್ಕೆ ಬೂದು, ನಷ್ಟದ್ದಕ್ಕೆ ಕೆಂಪು, ಸಣ್ಣ ಲಾಭಕ್ಕೆ ಹಳದಿ, ಒಳ್ಳೆ ಲಾಭಕ್ಕೆ ಹಸಿರು. ಮೊದಲ ರೈಲು ಹಸಿರಾದ ಮೇಲೆ, ಅದರ ಗಳಿಕೆಯಿಂದಲೇ ಅದೇ ಗಣಿಗೆ ಎರಡನೆಯದನ್ನು ಬಿಡಿ. ಹೊಸ ಊರು, ಬಸ್ಸು ಆಮೇಲೆ.

ಹುಡುಗ ಈಗ ಹೊಸ ಕಂಪೆನಿ ಶುರು ಮಾಡಿದ್ದಾನೆ. 1953ರಲ್ಲಿದ್ದಾನೆ, ಸಾಲ ನಲವತ್ತು ಸಾವಿರ ಬಾಕಿ. ನಿನ್ನೆ ಮತ್ತೆ ಬಸ್ಸಿನ ಪಟ್ಟಿ ತೆರೆದು ನೋಡುತ್ತಿದ್ದ.