ಕಾಗದದ ಹಣ ಬಿದ್ದಾಗ ಬೆಳ್ಳಿಯ ನಾಣ್ಯ

ಮುದ್ರೆಯೊತ್ತಿದ ಕಾಗದಕ್ಕೆ ಬೆಲೆ ಬರುವುದು ಸರ್ಕಾರದ ಮಾತಿನಲ್ಲಿ ಪ್ರಜೆಗಳಿಗಿರುವ ವಿಶ್ವಾಸದಿಂದ. ಆ ವಿಶ್ವಾಸವು ನಷ್ಟವಾದಲ್ಲಿ ಜನರು ಯಾವುದನ್ನು ಆಶ್ರಯಿಸುವರೆಂಬುದಕ್ಕೆ ೧೯೪೮-೪೯ನೆಯ ವರ್ಷಗಳ ಚೀನಾ ದೇಶದ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ. ಹಳೆಯ ಬೆಳ್ಳಿಯ ರೂಪಾಯಿಗಳನ್ನು ಆಪದ್ಧನವೆಂದು ಪೆಟ್ಟಿಗೆಯ ತಳದಲ್ಲಿ ಕಾಪಾಡಿಕೊಂಡಿರುವ ವಾಚಕರು ಅದನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ಅಧ್ಯಕ್ಷ ಯುವಾನ್ ಷಿಕಾಯಿಯ ಮುಖಮುದ್ರೆಯುಳ್ಳ ಬೆಳ್ಳಿಯ ಡಾಲರು ಆ ದೇಶದಲ್ಲಿ ೧೯೧೪ರಿಂದ ಅಚ್ಚಾಯಿತು. ಅದರ ತೂಕವು ಸುಮಾರು ಎರಡೂಕಾಲು ತೊಲ; ನೂರಕ್ಕೆ ೮೯ ಪಾಲು ಬೆಳ್ಳಿ. ಜನರು ಅದನ್ನು 'ದೊಡ್ಡ ತಲೆ'ಯೆಂದು ಕರೆದರು. ೧೯೩೪ರಲ್ಲಿ ಅಮೆರಿಕವು ಕಾನೂನು ಮಾಡಿ ಬೆಳ್ಳಿಯನ್ನು ಕೊಳ್ಳತೊಡಗಲು, ಬೆಲೆಯೇರಿ ಚೀನಾದ ಬೆಳ್ಳಿಯು ಹಡಗುಗಳನ್ನೇರಿತು. ೧೯೩೫ರ ನವೆಂಬರಿನಲ್ಲಿ ನಾನ್‌ಕಿಂಗಿನ ಸರ್ಕಾರವು ಬೆಳ್ಳಿಯನ್ನು ಚಲಾವಣೆಯಿಂದ ತೆಗೆದು ನೋಟುಗಳನ್ನೇ ನಿಲ್ಲಿಸಿತು. ಬಳಿಕ ಜಪಾನಿನೊಡನೆ ಯುದ್ಧ, ಅದರ ಹಿಂದೆಯೇ ಅಂತಃಕಲಹ. ವೆಚ್ಚವು ಕಂದಾಯವನ್ನು ಮೀರಲು ಅಚ್ಚಿನ ಯಂತ್ರವೇ ಸರ್ಕಾರಕ್ಕೆ ಗತಿಯಾಯಿತು.

೧೯೪೮ರ ಆಗಸ್ಟ್ ೧೯ರಂದು 'ಚಿನ್ನದ ಯುವಾನ್' ಎಂಬ ಹೊಸ ನೋಟು ಹೊರಟಿತು. ಹಳೆಯ ನೋಟಿನ ಮೂವತ್ತು ಲಕ್ಷಕ್ಕೆ ಹೊಸದೊಂದು! ಪ್ರಜೆಗಳು ತಮ್ಮಲ್ಲಿರುವ ಚಿನ್ನ, ಬೆಳ್ಳಿ, ಪರದೇಶದ ಹಣಗಳನ್ನು ಒಪ್ಪಿಸಿಬಿಡಬೇಕೆಂದೂ, ಬೆಳ್ಳಿಯ ಡಾಲರೊಂದಕ್ಕೆ ಎರಡು ಹೊಸ ಯುವಾನ್ ದೊರೆಯುವುದೆಂದೂ ಆಜ್ಞೆಯಾಯಿತು. ಷಾಂಘಾಯಿಯಲ್ಲಿ ಅನೇಕರು ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತು ಒಪ್ಪಿಸಿದರು. ಮೂರು ತಿಂಗಳೊಳಗಾಗಿ ಬೆಲೆಗಳ ಕಟ್ಟು ಮುರಿಯಿತು. ಮರುವರ್ಷದ ಬೇಸಿಗೆಯ ಹೊತ್ತಿಗೆ ಆ ನೋಟಿಗೆ ಕಾಗದದ ಬೆಲೆಯೂ ಉಳಿಯಲಿಲ್ಲ.

ಆಗ ಬಚ್ಚಿಟ್ಟಿದ್ದ 'ದೊಡ್ಡ ತಲೆ'ಗಳು ಬೀದಿಗೆ ಬಂದವು. ನಾಣ್ಯದ ಅಂಚಿಗೆ ಬಾಯಿಂದ ಊದಿ, ಕಿವಿಗೆ ಹಿಡಿದು ನಾದವನ್ನು ಪರೀಕ್ಷಿಸಿ ಜನರು ವ್ಯಾಪಾರ ನಡೆಸಿದರು. ಜುಲೈ ತಿಂಗಳಲ್ಲಿ ಹಳೆಯ ಸರ್ಕಾರವು ತಾನೂ ಬೆಳ್ಳಿಯ ಯುವಾನನ್ನೇ ಸಾರಿತಾದರೂ ಕಾಲವು ಮಿಂಚಿತ್ತು. ಷಾಂಘಾಯಿಯನ್ನು ಗೆದ್ದ ಹೊಸ ಸರ್ಕಾರವೂ ಬೆಳ್ಳಿಯನ್ನು ಸಹಿಸಲಿಲ್ಲ. ಜೂನ್ ೧೦ರಂದೇ ಅಲ್ಲಿಯ ವಿನಿಮಯ ಭವನವನ್ನು ಮುತ್ತಿ ಇನ್ನೂರಕ್ಕೂ ಹೆಚ್ಚು ಮಂದಿ ವ್ಯಾಪಾರಿಗಳನ್ನು ಹಿಡಿಯಿತು.

ಇದರಲ್ಲಿ ಯಾರು ಕೆಟ್ಟರು? ಆಜ್ಞೆಯನ್ನು ಮೀರಿದವನು ಬೆಳ್ಳಿಯನ್ನಿತ್ತು ಅಕ್ಕಿಯನ್ನು ಕೊಂಡನು. ಸರ್ಕಾರವನ್ನು ನಂಬಿದ ಗುಮಾಸ್ತನೂ ಉಪಾಧ್ಯಾಯನೂ ತಮ್ಮ ಜೀವಮಾನದ ಉಳಿತಾಯವನ್ನು ಕಳೆದುಕೊಂಡರು. ನಾಣ್ಯವೇ ಇಲ್ಲದ ಕೂಲಿಯವನಿಗಂತೂ ಎರಡು ದಾರಿಗಳೂ ಇರಲಿಲ್ಲ. ಸತ್ಯವಂತನನ್ನು ದಂಡಿಸಿ ಕಾನೂನು ಮುರಿದವನನ್ನು ಪೋಷಿಸಿದ ರಾಜ್ಯವು ನಿಂತೀತೆ?

ನಮ್ಮ ದೇಶದಲ್ಲಿಯೂ ಇದರ ಸಣ್ಣ ಛಾಯೆಯೊಂದು ಕಂಡುಬಂದಿತ್ತು. ೧೯೪೦ರ ಜೂನಿನಲ್ಲಿ ಫ್ರಾನ್ಸ್ ದೇಶವು ಜರ್ಮನಿಗೆ ಸೋತ ಸುದ್ದಿಯಿಂದ ಗಾಬರಿಗೊಂಡ ಜನರು ನೋಟು ಕೊಟ್ಟು ಬೆಳ್ಳಿಯ ರೂಪಾಯಿಗಳನ್ನು ಕೂಡಿಡತೊಡಗಿದರು. ಅವಶ್ಯಕತೆಗಿಂತ ಹೆಚ್ಚಾಗಿ ನಾಣ್ಯಗಳನ್ನು ಪಡೆಯುವುದು ಅಪರಾಧವೆಂದು ಬ್ರಿಟಿಷ್ ಸರ್ಕಾರವು ಸಾರಿ, ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿಯನ್ನು ಅರೆಬೆಳ್ಳಿಗೆ ಇಳಿಸಿತು. ವಿಕ್ಟೋರಿಯಾ ರಾಣಿಯ ರೂಪಾಯಿಗೆ ೧೯೪೧ರ ಮಾರ್ಚ್ ೩೧ರ ನಂತರ ಚಲಾವಣೆಯ ಹಕ್ಕು ತಪ್ಪಿತು. ೧೯೪೭ರಲ್ಲಿ ರೂಪಾಯಿಯು ನಿಕ್ಕಲಿನದಾಯಿತು. ಆದುದರಿಂದ ಅಜ್ಜಿಯ ಗಂಟಿನಲ್ಲಿರುವ ರಾಣಿಯ ರೂಪಾಯಿಯು ಇಂದು ಹಣವಲ್ಲ, ಒಂದು ತೊಲ ತೂಕದ ಲೋಹ. ಆಪತ್ತಿನಲ್ಲಿ ಅದಕ್ಕೆ ಬೆಲೆ ಬರಬೇಕಾದರೆ ಕೊಳ್ಳುವವನು ಅದನ್ನು ಗುರುತಿಸಬೇಕು, ನಂಬಬೇಕು. ಚಿಲ್ಲರೆ ಕೊಡಲು ಅವನಲ್ಲಿ ಬೇರೇನಾದರೂ ಇರಬೇಕು.

ಗೃಹಸ್ಥರು ನಾಲ್ಕು ಬೆಳ್ಳಿಯ ನಾಣ್ಯಗಳನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅವು ಒಂದು ಸಂಸಾರವನ್ನು ಕೆಲವು ವಾರಗಳ ಕಾಲ ಕಾದಾವು. ಆದರೆ ಪಟ್ಟಣವೆಲ್ಲವೂ ಪೆಟ್ಟಿಗೆಯ ತಳವನ್ನು ಶೋಧಿಸಬೇಕಾದ ದಿನವು ಬಾರದಂತೆ ನೋಡಿಕೊಳ್ಳುವುದು ಬೊಕ್ಕಸದ ಲೆಕ್ಕವನ್ನು ಬರೆಯುವವರ ಕೈಯಲ್ಲಿದೆ. ಅಧಿಕಾರದಲ್ಲಿರುವ ಮಹನೀಯರು ಷಾಂಘಾಯಿಯ ಬ್ಯಾಂಕಿನ ಮುಂದೆ ನಿಂತ ಆ ಗುಮಾಸ್ತನನ್ನು ಮರೆಯದಿರಲಿ ಎಂಬುದಿಷ್ಟೇ ನಮ್ಮ ಪ್ರಾರ್ಥನೆ.