ಹುಸಿನೊಣದ ಗಾಳ

ಗಾಳ ಹಾಕಿ ಮೀನು ಹಿಡಿಯುವುದೆಂದರೆ ನಮ್ಮಲ್ಲಿ ಕೆಲವರಿಗೆ ಹೊಟ್ಟೆಪಾಡು. ಉಳಿದವರ ಕಣ್ಣಿಗೆ ಸೋಮಾರಿಯ ಕಾಲಹರಣ. ಅದೊಂದು ಕಲೆಯೂ ಆಗಬಲ್ಲುದೆಂದು ನಾನು ತಿಳಿದದ್ದು ನಿವೃತ್ತನಾದ ಮೇಲೆ, ಮಡದಿ ತೀರಿಕೊಂಡ ಮರುವರ್ಷ, ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಬೇಸಗೆ ಕಳೆದಾಗ. ಡರ್ಬಿಶೈರ್ ಸೀಮೆಯ ಡವ್ ನದಿ ಆ ಊರಿಗೆ ಸಮೀಪ. ನೆರೆಮನೆಯ ಹಿರಿಯರೊಬ್ಬರು ನನ್ನನ್ನು ಅದರ ದಡಕ್ಕೆ ಕರೆದೊಯ್ದು ಕೈಗೆ ಕೋಲು ಕೊಟ್ಟರು.

ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ‘ದಿ ಕಂಪ್ಲೀಟ್ ಆಂಗ್ಲರ್’ ಇಂಗ್ಲಿಷ್ ಗದ್ಯ ಬಲ್ಲವರಿಗೆ ಅಪರಿಚಿತವಲ್ಲ. ಆದರೆ ನೊಣದ ಗಾಳದ ಮಟ್ಟಿಗೆ ಹಿರಿಯ ಗುರುವೆಂದರೆ ಅವನ ಕಿರಿಯ ಮಿತ್ರ ಚಾರ್ಲ್ಸ್ ಕಾಟನ್. ಈ ವಿದ್ಯೆಯ ವಿವರಗಳನ್ನು ಅವನು 1676ರ ಆವೃತ್ತಿಗೆ ಎರಡನೆಯ ಭಾಗವಾಗಿ ಬರೆದು ಸೇರಿಸಿದ. ಡವ್ ನದಿಯ ದಡದಲ್ಲಿ 1674ರಲ್ಲಿ ಅವನು ಕಟ್ಟಿಸಿದ ಪುಟ್ಟ ಕಲ್ಲುಮನೆ ಇಂದಿಗೂ ನಿಂತಿದೆ. ಅದರ ಬಾಗಿಲ ಮೇಲೆ ಗೆಳೆಯರಿಬ್ಬರ ಹೆಸರಿನ ಮೊದಲಕ್ಷರಗಳನ್ನು ಒಂದರೊಳಗೊಂದು ಹೆಣೆದು ಕೆತ್ತಿಸಿದ್ದಾನೆ. ಸ್ನೇಹಕ್ಕೆ ಇಷ್ಟು ಮಿತಭಾಷಿಯಾದ ಸ್ಮಾರಕ ಅಪರೂಪ.

ಈ ಗಾಳದಲ್ಲಿ ಎರೆಹುಳುವಿಲ್ಲ. ಕೋಳಿಗರಿ, ರೇಷ್ಮೆ ದಾರ, ಮೊಲದ ತುಪ್ಪಳಗಳನ್ನು ಸಣ್ಣ ಕೊಕ್ಕೆಗೆ ಸುತ್ತಿ ಕಟ್ಟಿದ ಹುಸಿನೊಣವಿದೆ. ಅದಕ್ಕೆ ತೂಕವಿಲ್ಲದ್ದರಿಂದ ಎಸೆದರೆ ದೂರ ಹೋಗದು. ದಪ್ಪ ದಾರದ ಭಾರವೇ ಅದನ್ನು ಒಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯಲ್ಲೇ ಗುಟ್ಟಿದೆ. ಯತಿಯನ್ನು ಮೀರುವುದು ನಮ್ಮ ಹಳಗನ್ನಡ ಕವಿಗಳಿಗೆ ಒಪ್ಪಿತವಾದ ಸ್ವಾತಂತ್ರ್ಯ. ಈ ಕೋಲು ಅದನ್ನು ಯಾರಿಗೂ ಕೊಡದು.

ಟ್ರೌಟ್ ಮೀನು ಹರಿವಿಗೆ ಎದುರಾಗಿ ನಿಂತು, ಹೊಳೆ ತಂದುಕೊಟ್ಟದ್ದನ್ನು ತಿನ್ನುತ್ತದೆ. ಹುಸಿನೊಣ ನೀರಿನ ವೇಗದಲ್ಲೇ ತೇಲಿಬರಬೇಕು. ದಾರ ಜಗ್ಗಿ ಕೊಂಚ ಓರೆಯಾದರೂ ಮೀನು ಮೂಸದು. ಒಂದೇ ಹೊಳೆಯಲ್ಲಿ ಹತ್ತು ಹೊಳೆಗಳಿರುವುದು ಆಗ ಕಾಣತೊಡಗುತ್ತದೆ: ಬಂಡೆಯ ಹಿಂದೆ ನಿಂತ ನೀರು, ಪಕ್ಕದಲ್ಲಿ ಓಡುವ ನೀರು, ಎರಡರ ಸಂಧಿಯಲ್ಲಿ ನೆರಳಿನಂತೆ ಮೀನು. ನೊಣಗಳನ್ನೂ ಬಲ್ಲವರಾಗಿರಬೇಕು. ಅಲ್ಲಿ ಮೇ ನೊಣವೆಂಬುದೊಂದಿದೆ. ಅದು ಸಾಮಾನ್ಯವಾಗಿ ಎರಡು ವರ್ಷ ತಳದ ಕೆಸರಿನಲ್ಲಿ ಹುಳುವಾಗಿದ್ದು, ಮೇ ಕೊನೆಯ ವೇಳೆಗೆ ಮೇಲೆದ್ದು, ಪೊರೆ ಕಳಚಿ ಹಾರುತ್ತದೆ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನದು. ಕೂಡಿ, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಂಜೆ ಅವು ಹೊಳೆಯ ಮೇಲೆ ಏರಿಳಿಯುವುದನ್ನು ನೋಡುತ್ತ ನಿಂತ ಮೂರು ಗಂಟೆಗಳಲ್ಲಿ ನನಗೆ ಮನೆಯ ನೆನಪು ಬರಲಿಲ್ಲ. ಆ ವರ್ಷ ಅಂಥ ಮೂರು ಗಂಟೆಗಳು ನನಗೆ ನಿದ್ದೆಯಲ್ಲಿಯೂ ಸಿಕ್ಕಿರಲಿಲ್ಲ.

ತಿನ್ನದ ಮೀನನ್ನು ಹಿಡಿದು ಬಿಡುವುದೇಕೆಂದು ಮಗಳು ಕೇಳಿದಳು. ಶಾಕಾಹಾರಿಯಾದ ನನಗೆ ಆ ಪ್ರಶ್ನೆ ಚುಚ್ಚಿತು. ಈಗಲೂ ಪೂರ್ಣ ಉತ್ತರವಿಲ್ಲ. ಬರಿಗೈಲಿ ಕುಳಿತವನಿಗೂ ಆ ನೋಟ ದಕ್ಕೀತು. ನನಗಂತೂ ಕೋಲು ಹಿಡಿಯುವ ಮೊದಲು ದಕ್ಕಿರಲಿಲ್ಲ.

ಆ ಬೇಸಗೆಯಲ್ಲಿ ನನಗೆ ಸಿಕ್ಕಿದ್ದು ಎರಡೇ ಮೀನು. ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಳಚಿಹೋಗುತ್ತದೆ. ಅದರ ಮುಖವನ್ನು ಹರಿವಿಗೆ ಎದುರು ಮಾಡಿ ಅಂಗೈಯಲ್ಲಿ ಆನಿಸಿಕೊಂಡಿದ್ದರೆ, ಕಿವಿರು ಆಡಿ, ಶಕ್ತಿ ಮರಳಿದಾಗ ತಾನಾಗಿ ಹೊರಡುತ್ತದೆ. ಎರಡನೆಯ ಮೀನು ಬಹಳ ಹೊತ್ತು ಹೊರಡಲಿಲ್ಲ. ಜೂನ್ ತಿಂಗಳಾದರೂ ನೀರು ಕೈ ಮರಗಟ್ಟುವಷ್ಟು ತಣ್ಣಗಿತ್ತು.