ಉಳಿದ ಮೂರು ಕಿಲೋ ಎಲ್ಲಿ ಹೋಯಿತು?

ಬಿಜಾಪುರದ ಹಳ್ಳಿಗಳಿಗೆ ಉಪಗ್ರಹದ ಪಾಠ ಇಳಿದು ಐವತ್ತು ವರ್ಷ. ಈಗ ಕೃತಕ ಬುದ್ಧಿಮತ್ತೆಯ ಸರದಿ. ಮಾಸ್ತರರ ಕೆಲಸದಲ್ಲಿ ಏನು ಬದಲಾಗಬೇಕು, ಏನು ಉಳಿಯಬೇಕು?

ತಿಕೋಟಾ ಕಡೆಯ ಮಕ್ಕಳಿಗೆ ಕಾಲು ಭಾಗ ಅಂದರೇನು ಎಂದು ಹೇಳಿಕೊಡಲು ವೃತ್ತ ಬರೆದು ಬಣ್ಣ ತುಂಬಬೇಕಾಗಿಲ್ಲ. ಪಡದಿಂದ ತಂದ ನಾಲ್ಕು ಕಿಲೋ ಹಸಿ ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿದರೆ ಹೆಚ್ಚುಕಮ್ಮಿ ಒಂದು ಕಿಲೋ ಮಣೂಕ ಸಿಗುತ್ತದೆ. ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಇದು ಹಂಗಾಮಿನುದ್ದಕ್ಕೂ ಕಿವಿಗೆ ಬೀಳುವ ಲೆಕ್ಕ. ಊರಿನ ಬದುಕು ಬಲ್ಲ ಮಾಸ್ತರರು ಪಾಠವನ್ನು ಅಲ್ಲಿಂದಲೇ ಶುರು ಮಾಡಬಲ್ಲರು. ಆಗ ಹಿಂದೆ ಕುಳಿತ ಒಂದು ಮಗು ಕೇಳಬಹುದು: ‘ಉಳದ ಮೂರ ಕಿಲೋ ಎಲ್ಲಿ ಹೋತ್ರೀ ಸರ?’ ಭಿನ್ನರಾಶಿಯ ಪಾಠ ಆ ಕ್ಷಣಕ್ಕೆ ಗಾಳಿ, ಬಿಸಿಲು, ಆವಿಯಾಗುವ ನೀರಿನ ಕಡೆಗೆ ಹೊರಳುತ್ತದೆ.

ಯಂತ್ರ ಬಂದರೆ ಶಿಕ್ಷಕರ ಗತಿಯೇನು ಎಂಬ ಇಂದಿನ ಚರ್ಚೆಯನ್ನು ನಾನು ಈ ಪ್ರಶ್ನೆಯ ಎದುರು ಇಟ್ಟು ನೋಡಲು ಬಯಸುತ್ತೇನೆ. ವಿಜಯಪುರ ಜಿಲ್ಲೆಗೆ ಈ ಚರ್ಚೆ ಹೊಸದೇನಲ್ಲ.

ಆಕಾಶದಿಂದ ಇಳಿದ ಪಾಠ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಒಂದು ದೊಡ್ಡ ಪ್ರಯೋಗ ನಡೆಸಿತು. ‘ಸೈಟ್’ ಎಂದು ಹೆಸರಾದ ಆ ಯೋಜನೆಯಲ್ಲಿ ನಾಸಾದ ಎಟಿಎಸ್–6 ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿತು. ಕರ್ನಾಟಕದಲ್ಲಿ ಇದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಬಾಗಲಕೋಟೆ ಆಗ ಬಿಜಾಪುರ ಜಿಲ್ಲೆಯ ಒಳಗೇ ಇತ್ತು. ಕೋಳಿಗೂಡಿಗೆ ಕಟ್ಟುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ ಹಳ್ಳಿಯಲ್ಲಿ ನಿಂತು ಉಪಗ್ರಹದ ಮಾತನ್ನು ಹಿಡಿಯುತ್ತಿತ್ತು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಮಕ್ಕಳ ಪಾಲಿಗೆ ಕನ್ನಡದಲ್ಲಿ ಬರುತ್ತಿದ್ದುದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ.

ನೋಡಿದ ಮಕ್ಕಳ ಮಾತು ಬೆಳೆಯಿತು, ತಿಳಿಯುವ ಆಸೆ ಹೆಚ್ಚಿತು ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಆದರೆ ಶಾಲೆ ಬಿಡುವ ಮಕ್ಕಳನ್ನು ಟಿ.ವಿ. ಹಿಡಿದು ನಿಲ್ಲಿಸಲಿಲ್ಲ. ಒಂದು ವರ್ಷ ಮುಗಿದಾಗ ಉಪಗ್ರಹ ಭಾರತದ ಸೇವೆಯಿಂದ ಸರಿದುಹೋಯಿತು.

ಸೈಟ್‌ನ ಇನ್ನೊಂದು ಕೆಲಸ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಅದೇ ವರ್ಷ ಎರಡು ಸುತ್ತಿನಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಟಿ.ವಿ., ರೇಡಿಯೊ, ಮುದ್ರಿತ ಪಾಠಗಳ ಜೊತೆಗೆ ಕೈಯಾರೆ ಮಾಡಿ ನೋಡುವ ಚಟುವಟಿಕೆಗಳೂ ಅದರಲ್ಲಿದ್ದವು. ಉಪಗ್ರಹ ಹೋದರೂ ಕಲಿತ ಶಿಕ್ಷಕರು ಶಾಲೆಯಲ್ಲೇ ಉಳಿದರು. ಆ ಪ್ರಯೋಗ ನಮಗೆ ಬಿಟ್ಟುಹೋದ ದೊಡ್ಡ ಪಾಠ ಇದೇ ಎಂದು ನಾನು ನಂಬುತ್ತೇನೆ.

ಗಿಡದ ನೆರಳಿಗೆ ಬಂದ ಸಾಲಿ

ಆಮೇಲೂ ಸಾಧನಗಳು ಬರುತ್ತಲೇ ಇದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿದ ಎಜುಸ್ಯಾಟ್ ಉಪಗ್ರಹದ ಪ್ರಾಥಮಿಕ ಶಾಲಾ ಪ್ರಯೋಗ ಚಾಮರಾಜನಗರದಲ್ಲಿ ನಡೆಯಿತು. 2017ರಲ್ಲಿ ದೀಕ್ಷಾ ವೇದಿಕೆ ಬಂದ ಮೇಲೆ ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಮೂಡಿತು.

2020ರಲ್ಲಿ ಕೊರೊನಾ ಶಾಲೆಯ ಬಾಗಿಲು ಮುಚ್ಚಿಸಿದಾಗ ಇವೆಲ್ಲಕ್ಕೂ ಪರೀಕ್ಷೆ ಎದುರಾಯಿತು. ಚಂದನ ವಾಹಿನಿಯಲ್ಲಿ ಪಾಠ ಬಂತು, ಮೊಬೈಲಿನಲ್ಲೂ ಬಂತು. ಆದರೆ ಮನೆಗೆ ಇದ್ದ ಒಂದೇ ಫೋನು ಅಪ್ಪನ ಕಿಸೆಯಲ್ಲಿ ಹೊಲಕ್ಕೋ ಕೂಲಿಗೋ ಹೋದರೆ ಮಗುವಿಗೆ ಪಾಠವೆಲ್ಲಿ? ಆ ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ತಂದಿತು. ಮಾಸ್ತರರು, ಅಕ್ಕೋರು ಗುಡಿಯ ಕಟ್ಟೆಗೆ, ಸಮುದಾಯ ಭವನಕ್ಕೆ, ಗಿಡದ ನೆರಳಿಗೆ ನಡೆದುಹೋಗಿ ಮಕ್ಕಳನ್ನು ಗುಂಪು ಮಾಡಿ ಕೂರಿಸಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತ ಅದು 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಪರದೆ ಮುಟ್ಟದ ಮಗುವನ್ನು ಹುಡುಕಿಕೊಂಡು ಹೋದದ್ದು ಮನುಷ್ಯರ ಕಾಲು.

ಯಾರ ಹೊತ್ತು ಉಳಿಯಿತು?

ಈಗ ಕೃತಕ ಬುದ್ಧಿಮತ್ತೆ. 2023ರಲ್ಲಿ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ಬೆಂಗಳೂರು ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ‘ಶಿಕ್ಷಾ ಕೋಪೈಲಟ್’ ಪರೀಕ್ಷಿಸಿದವು. ತರಗತಿ, ವಿಷಯ, ಪಾಠದ ಹೆಸರು ಕೊಟ್ಟರೆ ಚಟುವಟಿಕೆ, ಪ್ರಶ್ನೆಗಳ ಸಮೇತ ಪಾಠಯೋಜನೆ ಕೈಗೆ ಬರುತ್ತದೆ. ಒಂದು ಗಂಟೆ ಹಿಡಿಯುವ ತಯಾರಿ ಕೆಲವು ನಿಮಿಷಕ್ಕೆ ಇಳಿಯುವುದಾದರೆ ಅದನ್ನು ಬೇಡ ಅನ್ನಲು ಕಾರಣವಿಲ್ಲ. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವವರಿಗೆ ಇದು ನಿಜಕ್ಕೂ ಆಸರೆ.

ಆದರೆ ಉಳಿದ ಹೊತ್ತು ಮಗುವಿಗೆ ಸೇರುತ್ತದೆಯೇ? ತಂತ್ರಜ್ಞಾನ ಮಾಸ್ತರರ ಕೈಗೆ ಪಾಠಕ್ಕಿಂತ ಮೊದಲು ತಂದುಕೊಟ್ಟದ್ದು ಮಾಹಿತಿ ತುಂಬುವ ಕೆಲಸ. ಹಾಜರಿ, ಬಿಸಿಯೂಟ, ವಿದ್ಯಾರ್ಥಿವೇತನ ಎಲ್ಲಕ್ಕೂ ಒಂದೊಂದು ಪುಟ, ಒಂದೊಂದು ಒಟಿಪಿ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೂ ಶಿಕ್ಷಕರೇ ಆ್ಯಪ್ ಹಿಡಿದು ಮನೆಮನೆಗೆ ತಿರುಗಿದರು. ಅದು ಮುಗಿಯದೆ ದಸರಾ ರಜೆಯೇ ಅಕ್ಟೋಬರ್ 18ರವರೆಗೆ ಹಿಗ್ಗಿತು. ಒಂದು ಆ್ಯಪ್ ಉಳಿಸಿದ ಗಂಟೆಯನ್ನು ಇನ್ನೊಂದು ಆ್ಯಪ್ ನುಂಗಿದರೆ ಮಗುವಿನ ಪಾಲಿಗೆ ಏನೂ ಬದಲಾಗದು.

ವಿಜಯಪುರದ ಗಲ್ಲಿಯಲ್ಲಿ ಉರ್ದು ಮನೆಮಾತಿನ ಮಗುವಿದೆ. ತಾಂಡಾದಿಂದ ಬರುವ ಮಗುವಿನ ನಾಲಿಗೆಯಲ್ಲಿ ಲಂಬಾಣಿ ಇದೆ, ಜತ್ತ ಗಡಿಯ ಕಡೆ ಮರಾಠಿ ಬೆರೆಯುತ್ತದೆ. ಬಬಲೇಶ್ವರದ ಮಗು ಆಡುವ ಕನ್ನಡ ಪುಸ್ತಕದ ಕನ್ನಡವಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟ ಅಪ್ಪ–ಅವ್ವನ ಬೆನ್ನಿಗೆ ಹೋದ ಮಗು ತಿಂಗಳುಗಟ್ಟಲೆ ಪಾಟಿ ಮುಟ್ಟದೆ ಮರಳುತ್ತದೆ. ಅಂಥ ಮಗು ಎಲ್ಲಿ ನಿಂತಿತ್ತು, ಯಾವ ಅಕ್ಷರದಿಂದ ಮತ್ತೆ ಶುರು ಮಾಡಬೇಕು, ಇವತ್ತು ಯಾಕೆ ಮುಖ ಬಾಡಿದೆ ಎಂಬುದು ಎದುರು ಕುಳಿತವರಿಗೆ ಕಾಣುತ್ತದೆ. ಅಭ್ಯಾಸದ ಲೆಕ್ಕ ಯಂತ್ರ ಕೊಡಲಿ, ಉತ್ತರ ತಿದ್ದಲಿ, ವರದಿ ಬರೆಯಲಿ. ಮಗುವನ್ನು ಓದುವ ಕೆಲಸ ಮಾಸ್ತರರದು. ಆ ಕೆಲಸಕ್ಕೆ ತರಬೇತಿ ಬೇಕು, ಖಾಲಿ ಹುದ್ದೆ ತುಂಬಬೇಕು, ದಾಖಲೆ ಕೆಲಸಕ್ಕೆ ಬೇರೆ ಕೈ ಬೇಕು. ಸಾಧನ ಕೊಳ್ಳುವ ಮೊದಲು ಸರ್ಕಾರ ಇಷ್ಟು ಮಾಡಲಿ.

ಮಣೂಕದ ಉದಾಹರಣೆಯನ್ನು ಯಂತ್ರವೂ ಕೊಡಬಲ್ಲದು, ಕೇಳಬೇಕು ಅಷ್ಟೆ. ಆ ಮೂರು ಕಿಲೋದ ಪ್ರಶ್ನೆ ಮಾತ್ರ ಯೋಜನೆಯಲ್ಲಿ ಇರುವುದಿಲ್ಲ. ಅದು ಎದ್ದಾಗ ಮಾಸ್ತರರು ಫೋನು ಕೆಳಗಿಟ್ಟು, ‘ಏಳ್ರಿ, ಶೆಡ್ಡಿಗೇ ಹೋಗಿ ನೋಡೋಣ’ ಎನ್ನುವಷ್ಟು ಹೊತ್ತು ಅವರ ಹತ್ತಿರ ಇರಬೇಕು.